ನಿಂತಲ್ಲೇ ಎಂಜಿನ್ ಯಾಕೆ ಪೂರ್ತಿ ಏರಲ್ಲ? ಮ್ಯಾನುಯಲ್ ಕಾರಿನ ಲಾಂಚ್ ಮಿತಿಯ ಹಿಂದಿನ ಕಥೆ

ಗೇರ್‌ಬಾಕ್ಸ್ ಬಗ್ಗೆ ಮಾಡಿದ ಹಿಂದಿನ ವಿಡಿಯೋ ಕೆಳಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬಂದಿತ್ತು. "ನನ್ನದು ಮ್ಯಾನುಯಲ್ ಗೇರಿನ ಸ್ಪೋರ್ಟ್ಸ್ ಕಾರು. ಓಡುವಾಗ ಎಂಜಿನ್ ಕೆಂಪು ಗೆರೆಯವರೆಗೂ ಹೋಗುತ್ತೆ. ನಿಂತಲ್ಲೇ ಕ್ಲಚ್ ಒತ್ತಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಮಾತ್ರ ಅರ್ಧದಲ್ಲೇ ನಿಂತುಬಿಡುತ್ತೆ. ಇದು ಇಸಿಯು ಒಳಗಿನ ಒಂದು ಸಂಖ್ಯೆ ಅಷ್ಟೇ, ಲ್ಯಾಪ್‌ಟಾಪ್ ಸಿಕ್ಕಿಸಿ ತೆಗೆದುಕೊಡ್ತೀನಿ ಅಂತ ಟ್ಯೂನರ್ ಹೇಳ್ತಾನೆ. ತೆಗೆಸಲಾ?"

ಟ್ಯೂನರ್ ಹೇಳಿದ್ದು ಸುಳ್ಳಲ್ಲ. ಅದು ನಿಜಕ್ಕೂ ಒಂದು ಸಂಖ್ಯೆ. ಆದರೆ ನಾವೆಲ್ಲ ಯಾವ ಕೆಲಸದಲ್ಲಿದ್ದೀವಿ ನೆನಪಿಸಿಕೊಳ್ಳಿ. ಹಳೆಯ ಪ್ರಾಜೆಕ್ಟ್ ಒಂದು ಕೈಗೆ ಬರುತ್ತೆ, ಅದರಲ್ಲಿ ಯಾರೋ ಒಂದು ಕಡೆ "ಟೈಮ್‌ಔಟ್ 30, ಮುಟ್ಟಬೇಡಿ" ಅಂತ ಬರೆದು ಕಂಪನಿ ಬಿಟ್ಟು ಹೋಗಿರ್ತಾರೆ. ಯಾಕೆ ಮುಟ್ಟಬಾರದು ಅಂತ ಬರೆದಿರೋದಿಲ್ಲ. ಆದರೂ ಸ್ವಲ್ಪ ಅನುಭವ ಇದ್ದವರು ಅದನ್ನು ನೋಡಿದ ಕೂಡಲೇ ಅಂದುಕೊಳ್ತಾರೆ, ಯಾವುದೋ ರಾತ್ರಿ ಮೂರು ಗಂಟೆಗೆ ಯಾರಿಗೋ ಫೋನ್ ಬಂದಿರಬೇಕು ಅಂತ. ಲಾಂಚ್ ಮಿತಿಯ ಹಿಂದೆಯೂ ಅಂಥ ರಾತ್ರಿಗಳಿವೆ. ಇವತ್ತು ಅವುಗಳ ಕಥೆ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ, ಬೇಸರ ಮಾಡಿಕೊಳ್ಳಬೇಡಿ. ನಿಂತ ಕಾರನ್ನು ಹೊರಡಿಸುವಾಗ ಎಂಜಿನ್ ತಿರುಗುತ್ತಿದೆ, ಚಕ್ರ ನಿಂತಿದೆ. ಎರಡರ ನಡುವೆ ಉಜ್ಜಿಕೊಂಡು ಜಗಳ ಬಿಡಿಸುವುದು ಕ್ಲಚ್. ಕಾರಿನ ತೂಕ 1500 ಕೆಜಿ ಅಂತ ಇಟ್ಟುಕೊಳ್ಳಿ. ಮೊದಲ ಗೇರಿನಲ್ಲಿ 6000 ಆರ್‌ಪಿಎಂ ಅಂದರೆ ಗಂಟೆಗೆ 50 ಕಿಲೋಮೀಟರ್ ವೇಗ ಅನ್ನೋಣ. ಎಂಜಿನನ್ನು 6000ದಲ್ಲೇ ಹಿಡಿದಿಟ್ಟು ಕ್ಲಚ್ ಜಾರಿಸುತ್ತಾ 50ಕ್ಕೆ ತಂದರೆ, ಕಾರಿಗೆ ಎಷ್ಟು ಚಲನಶಕ್ತಿ ಸಿಕ್ಕಿತೋ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತೆ. ಸುಮಾರು 145 ಕಿಲೋಜೂಲ್. ಮನೆಯ ಭಾಷೆಯಲ್ಲಿ ಹೇಳೋದಾದರೆ, ಅರ್ಧ ಲೀಟರ್ ನೀರನ್ನು ಫಿಲ್ಟರ್ ಕಾಫಿಗೆ ಬೇಕಾಗುವಷ್ಟು ಬಿಸಿ ಮಾಡುವ ಶಾಖ, ಒಂದೆರಡು ಸೆಕೆಂಡಿನಲ್ಲಿ, ಒಂದು ತೆಳು ತಟ್ಟೆಯ ಮೇಲ್ಮೈಯಲ್ಲಿ. ಅದೇ ಕಾರನ್ನು 3000 ಆರ್‌ಪಿಎಂನಲ್ಲಿ ಹಿಡಿದು ಹೊರಡಿಸಿದರೆ ಶಾಖ ಅರ್ಧ ಆಗೋದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ, 36 ಕಿಲೋಜೂಲ್. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಪಿಯುಸಿ ಫಿಸಿಕ್ಸ್.

ಇದು ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟರೆ. ಕಾಲನ್ನು ಪಕ್ಕಕ್ಕೆ ಎಳೆದು ಒಮ್ಮೆಲೇ ಬಿಟ್ಟರೆ ಏನಾಗುತ್ತೆ? ಆಗ ಫ್ಲೈವೀಲಿನಲ್ಲಿ ಕೂತ ಶಕ್ತಿಯೆಲ್ಲ ಒಂದೇ ಏಟಿಗೆ ಗೇರ್‌ಬಾಕ್ಸ್ ಕಡೆ ನುಗ್ಗುತ್ತೆ. ಇಲ್ಲಿ ಬಹಳ ಜನ ತಪ್ಪು ತಿಳಿಯೋ ವಿಷಯ ಒಂದಿದೆ. ಎಂಜಿನಿನ ಟಾರ್ಕ್ 250 ನ್ಯೂಟನ್ ಮೀಟರ್ ಅಂದರೆ ಗೇರ್‌ಬಾಕ್ಸಿಗೆ ಬೀಳುವ ಏಟೂ 250 ಅಂದುಕೊಳ್ತಾರೆ. ಆ ಕ್ಷಣದಲ್ಲಿ ಏಟಿನ ಗರಿಷ್ಠ ಅಳತೆ ನಿರ್ಧರಿಸೋದು ಎಂಜಿನ್ ಅಲ್ಲ, ಕ್ಲಚ್ ಎಷ್ಟು ಹಿಡಿಯುತ್ತೆ ಅನ್ನೋದು. 500 ಹಿಡಿಯೋ ದಪ್ಪ ಕ್ಲಚ್ ಹಾಕಿಸಿದರೆ, ಎಂಜಿನ್ 250ರದ್ದೇ ಇದ್ದರೂ ಒಂದು ಕ್ಷಣ 500ರ ಹತ್ತಿರದ ಏಟು ಒಳಗೆ ಹೋಗಬಹುದು. ಕ್ಲಚ್ ಜಾರಿದ್ದರೆ ಆ ಏಟು ಶಾಖವಾಗಿ ಹೋಗ್ತಿತ್ತು. ಈಗ ಅದು ಗೇರಿನ ಹಲ್ಲಿಗೆ ಹೋಗುತ್ತೆ.

ಅಂದರೆ ಕಾರಿನಲ್ಲಿ ಎಲ್ಲೋ ಒಂದು ಕಡೆ ಮನೆಯ ಫ್ಯೂಸ್ ಥರ ಒಂದು ದುರ್ಬಲ ಜಾಗ ಇರಲೇಬೇಕು. ಟೈರ್ ಜಾರಬೇಕು, ಇಲ್ಲ ಕ್ಲಚ್ ಜಾರಬೇಕು. ಎರಡೂ ಜಾರದಿದ್ದರೆ ಕಬ್ಬಿಣ ಮುರಿಯಬೇಕು.

ಕಬ್ಬಿಣ ಮುರಿಯೋದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಕಲಿತವರು ಅಮೆರಿಕದವರು. ಅಲ್ಲಿ 1960ರ ದಶಕದಲ್ಲಿ ಕಾಲು ಮೈಲಿಯ ಡ್ರ್ಯಾಗ್ ರೇಸ್ ಅನ್ನೋದು ನಮ್ಮ ಕಡೆ ಕಂಬಳ ಇದ್ದ ಹಾಗೆ, ವಾರಾಂತ್ಯವಾದರೆ ಊರೆಲ್ಲ ಅಲ್ಲಿ. ಕಂಪನಿಗಳೂ ಆ ಜನರಿಗಾಗಿಯೇ ಕಾರು ಮಾಡ್ತಿದ್ದವು. 1966ರ ಮಾದರಿಗಳಲ್ಲಿ ಕ್ರೈಸ್ಲರ್ ಕಂಪನಿ ತನ್ನ 426 ಹೆಮಿ ಎಂಜಿನನ್ನು ರಸ್ತೆ ಕಾರುಗಳಿಗೆ ಹಾಕಿತು. ಏಳು ಲೀಟರ್, ಕಾಗದದ ಮೇಲೆ 425 ಅಶ್ವಶಕ್ತಿ. ಒಂದೇ ಎಂಜಿನ್, ಎರಡು ಆಯ್ಕೆ: ಆಟೋಮ್ಯಾಟಿಕ್ ಅಥವಾ ನಾಲ್ಕು ಗೇರಿನ ಮ್ಯಾನುಯಲ್.

ಈಗ ಹಿಂದಿನ ಆಕ್ಸಲ್ ನೋಡಿ. ಆಟೋಮ್ಯಾಟಿಕ್ ಕಾರಿಗೆ ಕಂಪನಿ ಕೊಟ್ಟಿದ್ದು ಮಾಮೂಲಿ ಎಂಟೂ ಮುಕ್ಕಾಲು ಇಂಚಿನ ರಿಂಗ್ ಗೇರ್ ಇರುವ ಆಕ್ಸಲ್. ಮ್ಯಾನುಯಲ್ ಕಾರಿಗೆ ಡಾನಾ 60 ಅನ್ನುವ, ಒಂಬತ್ತೂ ಮುಕ್ಕಾಲು ಇಂಚಿನ ರಿಂಗ್ ಗೇರಿನ ಭಾರೀ ಆಕ್ಸಲ್. ಅಷ್ಟೇ ಅಲ್ಲ, ಮ್ಯಾನುಯಲ್ ಗೇರ್‌ಬಾಕ್ಸಿನೊಳಗೆ ಹೋಗುವ ಇನ್‌ಪುಟ್ ಶಾಫ್ಟಿನ ಮೇಲೆ ಬೇರೆ ಕಾರುಗಳಲ್ಲಿ 23 ಗೀರುಗಳಿದ್ದರೆ, ಹೆಮಿಗೆ ಬರೀ 18, ಆದರೆ ದಪ್ಪ ದಪ್ಪ ಗೀರುಗಳು, ಶಾಫ್ಟೂ ದಪ್ಪ. ಎಂಜಿನ್ ಅದೇ, ಶಕ್ತಿ ಅದೇ, ಆದರೂ ಒಂದಕ್ಕೆ ಯಾಕೆ ಇಷ್ಟು ಕಬ್ಬಿಣ? ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್ ನಡುವೆ ಟಾರ್ಕ್ ಕನ್ವರ್ಟರ್ ಇದೆ, ಅದರಲ್ಲಿ ಶಕ್ತಿ ದಾಟೋದು ಎಣ್ಣೆಯ ಮೂಲಕ. ಎಣ್ಣೆಯೇ ಮೆತ್ತೆ. ಮ್ಯಾನುಯಲ್‌ನಲ್ಲಿ ಇರೋದು ಚಾಲಕನ ಎಡಗಾಲು ಮಾತ್ರ. ಶನಿವಾರ ರಾತ್ರಿ, ಪಕ್ಕದ ಲೇನಿನಲ್ಲಿ ಫೋರ್ಡ್ ನಿಂತಿರುವಾಗ, ಆ ಎಡಗಾಲು ಏನು ಮಾಡುತ್ತೆ ಅಂತ ಕ್ರೈಸ್ಲರ್ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಈ ಡಾನಾ ಆಕ್ಸಲ್ ಬಗ್ಗೆ ಒಂದು ಥರ ಗೌರವ. ಗ್ರಾಹಕ ಕೆಟ್ಟದಾಗಿ ಓಡಿಸ್ತಾನೆ ಅಂತ ಒಪ್ಪಿಕೊಂಡು, ಅದಕ್ಕೆ ತಕ್ಕ ಉಕ್ಕು ಹಾಕಿ ಕಳಿಸಿದ್ದಾರೆ. ಇವತ್ತು ಅದೇ ಸಮಸ್ಯೆಗೆ ಇಸಿಯುನಲ್ಲಿ ಒಂದು ಸಾಲು ಬರೆದು ಕಳಿಸ್ತಾರೆ. ಉಕ್ಕಿಗೆ ತೂಕ ಇದೆ, ಬೆಲೆ ಇದೆ, ಮೈಲೇಜಿಗೆ ಹೊಡೆತ ಇದೆ. ಸಾಲಿಗೆ ಯಾವುದೂ ಇಲ್ಲ.

ಉಕ್ಕು ಸಾಲದೆ ಹೋದಾಗ ಏನಾಗುತ್ತೆ ಅನ್ನೋದಕ್ಕೆ ಒಂದು ದಿನಾಂಕ ಇದೆ: 1970ರ ಮಾರ್ಚ್ 8. ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್. ಡಾನ್ ಗಾರ್ಲಿಟ್ಸ್, ಆ ಕಾಲದ ಅತ್ಯಂತ ಹೆಸರಾಂತ ಡ್ರ್ಯಾಗ್ ರೇಸರ್, 'ಬಿಗ್ ಡ್ಯಾಡಿ' ಅಂತಲೇ ಕರೀತಿದ್ದರು. ಅವರ ಉದ್ದ ಮೂತಿಯ ಡ್ರ್ಯಾಗ್‌ಸ್ಟರಿನಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಮತ್ತು ಕ್ಲಚ್ ಸರಿಯಾಗಿ ಚಾಲಕನ ಕಾಲುಗಳ ನಡುವೆ. ಹಸಿರು ದೀಪ ಬಿತ್ತು, ಹೊರಟರು, ಎರಡು ಗೇರಿನ ಆ ಗೇರ್‌ಬಾಕ್ಸ್ ಸ್ಫೋಟಿಸಿತು. ಕಾರು ಎರಡು ತುಂಡಾಯಿತು. ಗಾರ್ಲಿಟ್ಸ್ ಅವರ ಬಲಪಾದದ ಮುಂಭಾಗ ಹೋಯಿತು. ಹಾರಿದ ಚೂರಿನಿಂದ ಒಬ್ಬ ಪ್ರೇಕ್ಷಕನಿಗೂ ಗಂಭೀರ ಗಾಯ.

ಗಮನಿಸಿ, ಮುರಿದದ್ದು ಗರಿಷ್ಠ ವೇಗದಲ್ಲಿ ಅಲ್ಲ. ಹೊರಡುವ ಜಾಗದಲ್ಲಿ.

ಗಾರ್ಲಿಟ್ಸ್ ಆಸ್ಪತ್ರೆಯ ಹಾಸಿಗೆ ಮೇಲೇ ಯೋಚನೆ ಶುರು ಮಾಡಿದರು, ಈ ಯಂತ್ರವೆಲ್ಲ ನನ್ನ ಮುಂದೆ ಯಾಕಿರಬೇಕು, ಹಿಂದೆ ಇರಲಿ. ಎಂಜಿನ್ ಹಿಂದಿರುವ ಡ್ರ್ಯಾಗ್‌ಸ್ಟರುಗಳು ಅದಕ್ಕೂ ಮೊದಲು ಕೆಲವರು ಮಾಡಿದ್ದರು, ಅವು ನೇರ ಓಡ್ತಿರಲಿಲ್ಲ. ಗಾರ್ಲಿಟ್ಸ್ ಮತ್ತು ಅವರ ಜೊತೆಗಾರರು ಸ್ಟಿಯರಿಂಗ್ ನಿಧಾನ ಮಾಡಿ ಅದನ್ನು ಹದಕ್ಕೆ ತಂದರು. 1971ರಲ್ಲಿ 'ಸ್ವಾಂಪ್ ರ್ಯಾಟ್ 14' ಅನ್ನುವ ಆ ಕಾರು ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದಿತು. ಕೆಲವೇ ವರ್ಷಗಳಲ್ಲಿ ಮುಂದೆ ಎಂಜಿನ್ ಇರುವ ಡ್ರ್ಯಾಗ್‌ಸ್ಟರುಗಳು ಆ ಮಟ್ಟದ ರೇಸಿನಿಂದ ಮರೆಯಾದವು. ಇವತ್ತಿಗೂ ಆ ರೇಸುಗಳಲ್ಲಿ ಕ್ಲಚ್ ಮತ್ತು ಫ್ಲೈವೀಲ್ ಸುತ್ತ ಗಟ್ಟಿ ರಕ್ಷಣಾ ಕವಚ ಕಡ್ಡಾಯ. ಸಾವಿರಾರು ಆರ್‌ಪಿಎಂನಲ್ಲಿ ಒಡೆದ ಫ್ಲೈವೀಲ್ ಅಂದರೆ ಸಿಡಿಗುಂಡೇ. ನಮ್ಮ ರಸ್ತೆ ಕಾರುಗಳಲ್ಲಿ ಆ ಕವಚ ಇಲ್ಲ, ತೆಳು ಅಲ್ಯೂಮಿನಿಯಂ ಚಿಪ್ಪು ಇರುತ್ತೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಲ್ಲಿಂದ ಕಥೆ ಅಮೆರಿಕದ ಕಬ್ಬಿಣದಿಂದ ಯುರೋಪಿನ ಕೋಡಿಗೆ ಬರುತ್ತೆ. ಫಾರ್ಮುಲಾ ಒನ್. 1990ರ ದಶಕದ ಶುರುವಿಗೆ ಅಲ್ಲಿನ ಕಾರುಗಳಲ್ಲಿ ಕ್ಲಚ್ಚನ್ನೂ ಗೇರನ್ನೂ ಕಂಪ್ಯೂಟರೇ ನಡೆಸಬಲ್ಲದಾಗಿತ್ತು. ಆಗಲೇ ಹುಟ್ಟಿದ್ದು ಲಾಂಚ್ ಕಂಟ್ರೋಲ್: ಗುಂಡಿ ಒತ್ತಿ ಹಿಡಿ, ದೀಪ ಆರಿದಾಗ ಬಿಡು, ಉಳಿದದ್ದು ಯಂತ್ರದ ಪಾಲು. 1994ರಲ್ಲಿ ಇಂಥ ಚಾಲಕ ಸಹಾಯಗಳನ್ನೆಲ್ಲ ನಿಷೇಧಿಸಿದರು. ಅದೇ ವರ್ಷ ಬೆನೆಟನ್ ತಂಡದ ಕಾರಿನ ತಂತ್ರಾಂಶವನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ನಮ್ಮ ವೃತ್ತಿಯವರಿಗೆ ತುಂಬಾ ಪರಿಚಿತ ದೃಶ್ಯ. ಪರದೆಯ ಮೆನುವಿನಲ್ಲಿ ಕಾಣೋದು ಹತ್ತು ಆಯ್ಕೆ. ಆದರೆ ಕಾಣದೆ ಇರುವ 13ನೇ ಆಯ್ಕೆಗೆ ಇಳಿದರೆ ಲಾಂಚ್ ಕಂಟ್ರೋಲ್! ಹಳೆಯ ಕೋಡ್ ಉಳಿದುಕೊಂಡಿದೆ ಅಷ್ಟೇ, ಬಳಸಿಲ್ಲ ಅಂತ ತಂಡ ಹೇಳಿತು. ರೇಸಿನಲ್ಲಿ ಬಳಸಿದ್ದಕ್ಕೆ ಪುರಾವೆ ಸಿಗಲಿಲ್ಲ. ನಾನಂತೂ ತೀರ್ಪು ಕೊಡಲ್ಲ. "ಡೆಡ್ ಕೋಡ್ ಸಾರ್, ತೆಗೆದರೆ ಬೇರೆ ಏನೋ ಒಡೆಯುತ್ತೆ" ಅನ್ನೋ ಮಾತನ್ನು ನಾವೂ ಮೀಟಿಂಗುಗಳಲ್ಲಿ ಕೇಳಿದ್ದೀವಲ್ಲ.

ಕದ್ದು ಬಳಸೋದನ್ನು ಹಿಡಿಯೋಕೆ ಆಗಲ್ಲ ಅಂತ 2001ರ ಸ್ಪೇನ್ ರೇಸಿನಿಂದ ಅದನ್ನು ಮತ್ತೆ ಅನುಮತಿಸಿದರು. ಆ ದಿನವೇ ಕೊನೆಯ ಸುತ್ತಿನಲ್ಲಿ ಮುಂದಿದ್ದ ಮಿಕಾ ಹಕ್ಕಿನೆನ್ ಅವರ ಕಾರಿನ ಕ್ಲಚ್ ಕೈಕೊಟ್ಟು, ಗೆಲುವು ಷೂಮಾಕರ್ ಪಾಲಾಯಿತು. ಎರಡು ವಾರ ಬಿಟ್ಟು ಆಸ್ಟ್ರಿಯಾದಲ್ಲಿ, ಎಲ್ಲ ಯಂತ್ರವೇ ನೋಡಿಕೊಳ್ಳುತ್ತೆ ಅಂದುಕೊಂಡ ನಾಲ್ಕು ಕಾರುಗಳು ಹೊರಡುವ ಗೆರೆಯಲ್ಲೇ ನಿಂತುಬಿಟ್ಟವು. 2004ಕ್ಕೆ ಮತ್ತೆ ನಿಷೇಧ. ಲಕ್ಷಗಟ್ಟಲೆ ಡಾಲರ್, ಪ್ರತಿ ರೇಸಿಗೂ ಬಿಚ್ಚಿ ನೋಡುವ ಗೇರ್‌ಬಾಕ್ಸ್, ಕ್ಲಚ್ಚಿನ ಮೇಲೆ ಕಂಪ್ಯೂಟರಿನ ಪೂರ್ತಿ ಹಿಡಿತ ಇದ್ದವರ ಕಥೆಯೇ ಹೀಗೆ.

ರಸ್ತೆ ಕಾರಿಗೆ ಈ ಪಾಠ ಬಂದದ್ದು ನಿಸಾನ್ ಜಿಟಿ-ಆರ್ ಮೂಲಕ. 2007ರ ಕೊನೆಗೆ ಜಪಾನಿನಲ್ಲಿ, 2008ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದರದ್ದು ಎರಡು ಕ್ಲಚ್ಚಿನ ಗೇರ್‌ಬಾಕ್ಸ್, ಮ್ಯಾನುಯಲ್ ಅಲ್ಲ. ಆದರೂ ಈ ಕಥೆ ಬೇಕು. ಸ್ಥಿರತೆ ನಿಯಂತ್ರಣ ಆಫ್ ಮಾಡಿದರೆ ಕಾರು ಸುಮಾರು 4500 ಆರ್‌ಪಿಎಂಗೆ ಏರಿ, ನಾಲ್ಕೂ ಚಕ್ರಗಳಿಗೆ ಏಟು ಕೊಟ್ಟು ಚಿಮ್ಮುತ್ತಿತ್ತು. ಜನ ಮತ್ತೆ ಮತ್ತೆ ಚಿಮ್ಮಿಸಿದರು. ಗೇರ್‌ಬಾಕ್ಸುಗಳು ಒಡೆದವು. ಸ್ಥಿರತೆ ನಿಯಂತ್ರಣ ಆಫ್ ಮಾಡಿ ಓಡಿಸಿದ್ದೀರಿ, ವಾರಂಟಿ ಇಲ್ಲ ಅಂತ ಜಗಳ ಶುರುವಾಯಿತು, ಅಮೆರಿಕದಲ್ಲಿ ಕೋರ್ಟಿನವರೆಗೂ ಹೋಯಿತು. ಕೊನೆಗೆ ನಿಸಾನ್ ಹೊಸ ತಂತ್ರಾಂಶ ಕೊಟ್ಟಿತು, ಹೊರಡುವಾಗಿನ ಆರ್‌ಪಿಎಂ ಬಹಳಷ್ಟು ಕೆಳಗಿಳಿಯಿತು. ನಾನು ಮೊದಲು ಹೇಳಿದ ರಾತ್ರಿ ಮೂರು ಗಂಟೆಯ ಫೋನು ಅಂದರೆ ಇದೇ. ಇದಾದ ಮೇಲೆ ಯಾವ ಕಂಪನಿ ತಾನೇ ಹೊರಡುವ ಮಿತಿಯನ್ನು ಸಡಿಲ ಬಿಡುತ್ತೆ?

ಈಗ ಮ್ಯಾನುಯಲ್. ಇಲ್ಲಿ ಎಂಜಿನಿಯರ್ ಕಷ್ಟ ಬೇರೆಯದು. ಜಿಟಿ-ಆರ್‌ನಲ್ಲಿ ಕ್ಲಚ್ ಎಷ್ಟು ಬೇಗ ಹಿಡಿಯಬೇಕು ಅಂತ ಕಂಪ್ಯೂಟರ್ ನಿರ್ಧರಿಸಬಹುದು. ಮ್ಯಾನುಯಲ್‌ನಲ್ಲಿ ಕ್ಲಚ್ ನಿಮ್ಮ ಕಾಲಿನ ಕೆಳಗಿದೆ. ಇಸಿಯುಗೆ ಗೊತ್ತಿರೋದು ಕ್ಲಚ್ ಒತ್ತಿದ್ದಾರೆ, ಕಾರು ನಿಂತಿದೆ, ಇಷ್ಟೇ. ನೀವು ಮೆಲ್ಲಗೆ ಬಿಡ್ತೀರೋ, ಒದ್ದು ಬಿಡ್ತೀರೋ, ಗೊತ್ತಿಲ್ಲ. ಅದರ ಕೈಯಲ್ಲಿರೋದು ಎಂಜಿನ್ ಒಂದೇ. ಅದಕ್ಕೇ ಅದು ಎಂಜಿನನ್ನು ಹಿಡಿದುಕೊಳ್ಳುತ್ತೆ. ನೀವು ಎಷ್ಟೇ ಕೆಟ್ಟದಾಗಿ ಬಿಟ್ಟರೂ ಫ್ಲೈವೀಲಿನಲ್ಲಿ ಅಷ್ಟು ಶಕ್ತಿಯೇ ಇರಬಾರದು, ಅನ್ನೋದು ಲೆಕ್ಕ. ಒರಟು ಉಪಾಯ, ಒಪ್ಪುತ್ತೀನಿ. ಒಳ್ಳೆಯ ಕಾಲಿಗೂ ಕೆಟ್ಟ ಕಾಲಿಗೂ ಒಂದೇ ಶಿಕ್ಷೆ.

ಬಿಎಂಡಬ್ಲ್ಯು ಬೇರೆ ದಾರಿ ಹಿಡಿದಿತ್ತು. ಅದರ ಹಲವು ಮ್ಯಾನುಯಲ್ ಕಾರುಗಳಲ್ಲಿ ಕ್ಲಚ್ಚಿನ ಎಣ್ಣೆಯ ದಾರಿಯಲ್ಲಿ ಸಣ್ಣ ತೂತಿನ ಒಂದು ವಾಲ್ವ್ ಇಟ್ಟರು. ನೀವು ಕಾಲನ್ನು ಎಷ್ಟೇ ಜೋರಾಗಿ ಎಳೆದರೂ ಎಣ್ಣೆ ನಿಧಾನವಾಗಿಯೇ ವಾಪಸ್ ಬರುತ್ತೆ, ಕ್ಲಚ್ ನಿಧಾನವಾಗಿಯೇ ಹಿಡಿಯುತ್ತೆ. ಕಾರುಪ್ರಿಯರು ಅದನ್ನು ಬೈದುಕೊಂಡು ಕಿತ್ತು ಹಾಕಿದರು, ಗೇರ್ ಬದಲಿಸುವಾಗ ಪೆಡಲ್ ಸ್ಪಷ್ಟವಾಗಿ ಸಿಗಲ್ಲ ಅಂತ. ಅವರ ದೂರಿನಲ್ಲೂ ನ್ಯಾಯ ಇದೆ, ನಿಧಾನದ ಟ್ರಾಫಿಕ್ಕಿನಲ್ಲಿ ಆ ವಾಲ್ವ್ ಕಿರಿಕಿರಿಯೇ.

ನನ್ನ ಪ್ರಕಾರ ಇದಕ್ಕೆ ಜಾಣ ಉತ್ತರ ಕೊಟ್ಟದ್ದು ಜನರಲ್ ಮೋಟರ್ಸ್. 2008ರ ಷೆವರ್ಲೆ ಕೋಬಾಲ್ಟ್ ಎಸ್‌ಎಸ್ ಟರ್ಬೋ, 260 ಅಶ್ವಶಕ್ತಿಯ ಅಂಥ ದುಬಾರಿಯಲ್ಲದ ಕಾರು. ಅದರಲ್ಲಿ ಮ್ಯಾನುಯಲ್ ಗೇರಿಗೇ ಲಾಂಚ್ ಕಂಟ್ರೋಲ್ ಕೊಟ್ಟರು. 2010ರ ಮ್ಯಾನುಯಲ್ ಕಾರ್ವೆಟ್‌ಗೂ ಬಂತು. ಆಕ್ಸಿಲರೇಟರ್ ಪೂರ್ತಿ ತುಳಿಯಿರಿ, ಎಂಜಿನ್ ಒಂದು ಮಟ್ಟದಲ್ಲಿ ನಿಲ್ಲುತ್ತೆ, ಕ್ಲಚ್ ಬಿಡಿ. ಬಿಟ್ಟ ಮೇಲೆ ಚಕ್ರ ಎಷ್ಟು ಜಾರುತ್ತಿದೆ ಅಂತ ಕ್ಷಣಕ್ಷಣಕ್ಕೆ ಅಳೆದು ಎಂಜಿನ್ ಟಾರ್ಕನ್ನು ಅದಕ್ಕೆ ಹೊಂದಿಸುತ್ತೆ. ಕಾಲನ್ನು ನಿಯಂತ್ರಿಸೋಕೆ ಆಗಲ್ಲ, ಸರಿ, ಟೈರನ್ನು ಫ್ಯೂಸ್ ಆಗಿ ಉಳಿಸಿಕೊಳ್ಳೋಣ ಅನ್ನೋ ಯೋಚನೆ.

ಟ್ಯೂನರ್ ಮಾಡುವ 'ಟೂ-ಸ್ಟೆಪ್' ಹಾಗಲ್ಲ. ಕಂಪನಿಯ ಮಿತಿ ತೆಗೆದು, ಅದರ ಜಾಗದಲ್ಲಿ ನೀವು ಕೇಳಿದ 5000 ಅಥವಾ 6000 ಹಾಕಿ, ಆ ಮಟ್ಟ ತಲುಪಿದಾಗ ಕಿಡಿ ಅಥವಾ ಪೆಟ್ರೋಲ್ ಕಡಿತ ಮಾಡುತ್ತೆ. ಪಟಪಟ ಸದ್ದು, ಸೈಲೆನ್ಸರಿನಲ್ಲಿ ಬೆಂಕಿ, ರೀಲ್ಸ್‌ಗೆ ಚೆನ್ನಾಗಿರುತ್ತೆ. ಟರ್ಬೋ ಕಾರಿನಲ್ಲಿ ನಿಂತಲ್ಲೇ ಒತ್ತಡವೂ ಕಟ್ಟುತ್ತೆ, ಅಂದರೆ ಕ್ಲಚ್ ಬಿಡುವ ಕ್ಷಣದಲ್ಲಿ ಎಂಜಿನ್ ಟಾರ್ಕ್ ಕೂಡ ತುದಿಯಲ್ಲಿರುತ್ತೆ. ಕ್ಲಚ್ ಬಿಟ್ಟ ಮೇಲೆ ಏನಾಗುತ್ತೆ ಅನ್ನೋದನ್ನು ಅಂಥ ಬಹಳಷ್ಟು ಮ್ಯಾಪುಗಳು ನೋಡೋದೇ ಇಲ್ಲ.

ಹಾಗಾದರೆ ನಿಮ್ಮ ಕಾರಿನಲ್ಲಿ ಮುರಿಯೋದು ಯಾವುದು? ಅದು ಯಾವ ಚಕ್ರ ಎಳೆಯುತ್ತೆ ಅನ್ನೋದರ ಮೇಲಿದೆ. 400 ನ್ಯೂಟನ್ ಮೀಟರ್ ಎಂಜಿನ್, ಮೊದಲ ಗೇರ್ 3.5, ಕೊನೆಯ ಗೇರ್ 4 ಅಂದರೆ ಆಕ್ಸಲ್‌ಗೆ 5600. ಎರಡೇ ಚಕ್ರ ಎಳೆಯುವ 1500 ಕೆಜಿ ಕಾರಿನ ಟೈರ್ ಒಣ ಟಾರಿನ ಮೇಲೆ ಅದರ ಅರ್ಧ ಬರುವ ಹೊತ್ತಿಗೇ ಜಾರಿಬಿಡುತ್ತೆ. ಕಾರು ಉಳಿಯುತ್ತೆ, ಟೈರ್ ಸವೆಯುತ್ತೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಟೈರ್ ಜಾರೋಕೆ 4700ರ ಹತ್ತಿರ ಬೇಕು. ಜಾರದ ಟೈರ್ ಆ ಏಟನ್ನು ವಾಪಸ್ ಒಳಗೆ ಕಳಿಸುತ್ತೆ. ಸುಬಾರು ಡಬ್ಲ್ಯುಆರ್‌ಎಕ್ಸ್‌ನ ಹಳೆಯ ಐದು ಗೇರಿನ ಪೆಟ್ಟಿಗೆಗೆ ಮಾಲೀಕರೇ 'ಗಾಜಿನ ಗೇರ್‌ಬಾಕ್ಸ್' ಅಂತ ಅಡ್ಡಹೆಸರಿಟ್ಟದ್ದು ಇದಕ್ಕೇ. ಎಸ್‌ಟಿಐ ಮಾದರಿಗೆ ಕಂಪನಿ ಆರು ಗೇರಿನ ಗಟ್ಟಿ ಪೆಟ್ಟಿಗೆ ಕೊಟ್ಟದ್ದೂ ಸುಮ್ಮನೆ ಅಲ್ಲ.

ಎರಡು ಚಕ್ರದವರೂ ಪೂರ್ತಿ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಟೈರ್ ಜಾರಿ, ಹಿಡಿದು, ಮತ್ತೆ ಜಾರಿ, ಹಿಡಿದು ಕಾರಿನ ಹಿಂಭಾಗ ಕುಣಿಯೋಕೆ ಶುರುವಾದರೆ ಪ್ರತಿ ಹಿಡಿತವೂ ಒಂದು ಸುತ್ತಿಗೆ ಏಟು. 2004ರ ಕ್ಯಾಡಿಲಾಕ್ ಸಿಟಿಎಸ್-ವಿ ಮ್ಯಾನುಯಲ್ ಮಾತ್ರವಾಗಿ ಬಂದ 400 ಅಶ್ವಶಕ್ತಿಯ ಕಾರು, ಈ ಕುಣಿತಕ್ಕೇ ಅದರ ಹಿಂದಿನ ಡಿಫರೆನ್ಷಿಯಲ್‌ಗಳು ಒಡೆದು ಕುಖ್ಯಾತವಾದವು. 2009ರ ಮಾದರಿಯಲ್ಲಿ ಎಂಜಿನಿಯರುಗಳು ಒಂದು ಕಡೆಯ ಆಕ್ಸಲ್ ಶಾಫ್ಟ್ ದಪ್ಪ, ಇನ್ನೊಂದು ಕಡೆಯದು ತೆಳು ಮಾಡಿದರು. ಎರಡೂ ಬೇರೆ ಬೇರೆ ಲಯದಲ್ಲಿ ತಿರುಚುವುದರಿಂದ ಕುಣಿತ ತಾಳ ಹಿಡಿಯೋಕೆ ಆಗಲ್ಲ. ಎಂಥ ಸರಳ ಯೋಚನೆ ನೋಡಿ.

ನಮ್ಮ ಕಡೆಗೆ ಬರೋಣ. ನೀವು ಪುಣೆಯವರಾದರೆ ಲೋಣಾವಳ ಬಳಿಯ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ಪಿನಲ್ಲಿ ನಡೆದ ಡ್ರ್ಯಾಗ್ ರೇಸುಗಳ ಬಗ್ಗೆ ಕೇಳಿರ್ತೀರಿ. ಚೆನ್ನೈನವರಿಗೆ ಶೋಲಾವರಂ ಹಳೆಯ ಹೆಸರು, ಎರಡನೇ ಮಹಾಯುದ್ಧದ ಕಾಲದ ಆ ರನ್‌ವೇ ಮೇಲೆ ದಶಕಗಳ ಕಾಲ ರೇಸು ನಡೆದಿತ್ತು. ಇಲ್ಲೇ ಒಂದು ಬಲೆ ಇದೆ. ನಮ್ಮ ರಸ್ತೆಯ ಧೂಳಿನಲ್ಲಿ ಟೈರ್ ಸುಲಭವಾಗಿ ಜಾರುತ್ತೆ, ಹಾಗಾಗಿ ರೀಮ್ಯಾಪ್ ಮಾಡಿಸಿದ ಕಾರು ಆರು ತಿಂಗಳು ಏನೂ ಆಗದೆ ಓಡುತ್ತೆ. "ನೋಡಿ, ಏನೂ ಆಗಿಲ್ಲ" ಅನ್ನೋ ಧೈರ್ಯ ಬರುತ್ತೆ. ಆಮೇಲೆ ಅಂಟು ಟೈರ್ ಹಾಕಿ, ಚೆನ್ನಾಗಿ ಗುಡಿಸಿದ ಗಟ್ಟಿ ನೆಲದ ಮೇಲೆ ಹೋಗಿ ನಿಲ್ತೀರಿ. ಕಾರು ಅದೇ, ಮ್ಯಾಪ್ ಅದೇ, ಫ್ಯೂಸ್ ಮಾತ್ರ ಟೈರಿನಿಂದ ಗೇರ್‌ಬಾಕ್ಸಿಗೆ ಸದ್ದಿಲ್ಲದೆ ಜಾಗ ಬದಲಿಸಿದೆ. ಟೆಸ್ಟ್ ಎನ್ವಿರಾನ್‌ಮೆಂಟಿನಲ್ಲಿ ಪಾಸಾದದ್ದು ಪ್ರೊಡಕ್ಷನ್‌ನಲ್ಲಿ ಬೀಳೋದು ಹೀಗೇ ಅಲ್ವಾ.

ಇಸಿಯು ವಿಷಯ ಬಂದಾಗ ನನಗೆ ನಗು ಬರೋದು ಇನ್ನೊಂದಕ್ಕೆ. ಬಾಷ್ ಕಂಪನಿಯ ವಾಹನ ತಂತ್ರಾಂಶದ ದೊಡ್ಡ ಕೆಲಸ ನಡೆಯೋದು ನಮ್ಮ ಬೆಂಗಳೂರಿನಲ್ಲಿ. ಗಚ್ಚಿಬೌಲಿಯಲ್ಲೋ ಹಿಂಜವಡಿಯಲ್ಲೋ ಕೂತು ನೀವು ತೆಗೆಸಬೇಕು ಅಂತಿರುವ ಆ ಸಾಲನ್ನು, ಯಾರಿಗೆ ಗೊತ್ತು, ಕೋರಮಂಗಲದಲ್ಲಿ ನಿಮ್ಮದೇ ಕಾಲೇಜಿನ ಸೀನಿಯರ್ ಬರೆದಿರಬಹುದು.

ತೆಗೆಸಲೇಬೇಕು ಅನ್ನುವವರಿಗೆ ನಾನು ಹೇಳೋದು ಇಷ್ಟು. ಮಿತಿಯನ್ನು ಪೂರ್ತಿ ಕೀಳಬೇಡಿ. 500 ಆರ್‌ಪಿಎಂ ಏರಿಸಿ, ಸಮಯ ಅಳೆಯಿರಿ. ಎರಡು ಚಕ್ರದ ಕಾರಿನಲ್ಲಿ ಬಹಳ ಸಲ ಅಲ್ಲಿಂದ ಮೇಲಕ್ಕೆ ಹೋದರೆ ಟೈರ್ ಹೊಗೆ ಜಾಸ್ತಿ ಆಗುತ್ತೆ ಹೊರತು ಸಮಯ ಇಳಿಯೋದಿಲ್ಲ. ದಪ್ಪ ಕ್ಲಚ್ ಹಾಕಿಸೋ ಮುಂಚೆ ಗೇರ್‌ಬಾಕ್ಸ್ ಎಷ್ಟು ತಡೆಯುತ್ತೆ ಅಂತ ಕೇಳಿ, ಕೇಳೋದು ಕ್ಲಚ್ ಮಾರುವವನನ್ನಲ್ಲ, ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡುವ ಮೆಕ್ಯಾನಿಕ್‌ನನ್ನು. ಡಿಸ್ಕಿನ ಮಧ್ಯೆ ಇರುವ ಸ್ಪ್ರಿಂಗುಗಳು ಶೋಕಿಗಲ್ಲ, ಏಟು ನುಂಗೋಕೆ. ಸ್ಪ್ರಿಂಗ್ ಇಲ್ಲದ ರೇಸ್ ಡಿಸ್ಕ್ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿಸಬೇಡಿ. ಒಂದು ಲಾಂಚ್ ಆದ ಮೇಲೆ ಕ್ಲಚ್ ತಣ್ಣಗಾಗೋಕೆ ಸಮಯ ಕೊಡಿ, ಅರ್ಧ ಲೀಟರ್ ನೀರಿನ ಲೆಕ್ಕ ನೆನಪಿದೆಯಲ್ಲ. ಸುಟ್ಟ ವಾಸನೆ ಬಂದರೆ ಆ ದಿನದ ಆಟ ಮುಗಿಯಿತು.

ವಾರಂಟಿ ಹೇಗೂ ಹೋಗುತ್ತೆ. ಮ್ಯಾಪನ್ನು ಹಳೆಯದಕ್ಕೆ ತಿರುಗಿಸಿ ಸರ್ವೀಸಿಗೆ ಕೊಟ್ಟರೆ ಗೊತ್ತಾಗಲ್ಲ ಅನ್ನೋ ಕಾಲ ಅಲ್ಲ ಇದು, ಎಷ್ಟು ಸಲ ಬರೆದಿದ್ದಾರೆ ಅನ್ನೋ ಲೆಕ್ಕವನ್ನೇ ಹಲವು ಇಸಿಯುಗಳು ಇಟ್ಟುಕೊಳ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕೋದು ಇಂಥದ್ದನ್ನೇ. ಕಾರಿನ ಇಎಂಐ ಇನ್ನೂ ಮೂರು ವರ್ಷ ಬಾಕಿ ಇದ್ದರೆ ಈ ಪ್ಯಾರಾ ಮತ್ತೊಮ್ಮೆ ಓದಿ.

ಮತ್ತೆ ಆ ಪಟಪಟ ಸದ್ದಿನ ವಿಡಿಯೋ ತೆಗೆಯುವಾಗ ಸ್ನೇಹಿತರನ್ನು ಗೇರ್‌ಬಾಕ್ಸಿನ ಪಕ್ಕದಲ್ಲಿ, ಮುಂದಿನ ಚಕ್ರದ ನೇರಕ್ಕೆ ನಿಲ್ಲಿಸಬೇಡಿ. ಕಾರಿನ ಹಿಂದೆ, ಒಂದು ಪಕ್ಕಕ್ಕೆ, ದೂರದಲ್ಲಿ ನಿಲ್ಲಲಿ. ಒಡೆದ ಫ್ಲೈವೀಲಿನ ಚೂರುಗಳು ಹೊರಡೋದು ಅದು ತಿರುಗುವ ವೃತ್ತದ ಅಂಚಿನಿಂದ, ಆ ವೃತ್ತದ ಸಮತಲದಲ್ಲೇ.